ಕೊಟ್ಟ ದುಡ್ಡಿಗೆ ಏನು ಹೆಸರು? ಜನರ ಹಣದಲ್ಲಿ ಸಿನಿಮಾ ಮಾಡುವ ಲೆಕ್ಕ

“ತಮಾ, ನಮ್ಮ ಪಾಲು ಎಂತ ಆತು?”

ಶಿರಸಿ ಪೇಟೆಯ ಒಂದು ಕಿರಾಣಿ ಅಂಗಡಿ ಮುಂದೆ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ ಹೀಗೆ ಕೇಳಿದರು. ಕೈಯಲ್ಲಿ ಚೀಲ, ಮುಖದಲ್ಲಿ ನಗು. ಸಿಟ್ಟೇನೂ ಇರಲಿಲ್ಲ. ಅದರ ಹಿಂದಿನ ವರ್ಷ ನಾವು ಏಳೆಂಟು ಜನ ಸೇರಿ ಒಂದು ಕಿರುಚಿತ್ರ ಮಾಡಿದ್ದೆವು. ಅದಕ್ಕೆ ಊರವರ ಹತ್ತಿರ, ಬೆಂಗಳೂರು ಸೇರಿದ ಊರ ಹುಡುಗರ ಹತ್ತಿರ ದುಡ್ಡು ಎತ್ತಿದ್ದೆವು. ಇವರು 5,000 ಕೊಟ್ಟಿದ್ದರು. ಲೆಕ್ಕ ಬರೆಯುವ ಕೆಲಸ ನನ್ನದು. ಹಾಗಾಗಿ ಪ್ರಶ್ನೆ ಸರಿಯಾದ ಬಾಗಿಲಿಗೇ ಬಂದಿತ್ತು.

ನಾನು ತಬ್ಬಿಬ್ಬಾದೆ. ನಮ್ಮ ಮಟ್ಟಿಗೆ ಅದು ಪ್ರೀತಿಯಿಂದ ಕೊಟ್ಟ ದುಡ್ಡು. ವಾಪಸು ಕೊಡುವ ಮಾತೇ ಇರಲಿಲ್ಲ. ಮನೆಗೆ ಬಂದು ಹಳೇ ಪೋಸ್ಟರ್ ತೆಗೆದು ನೋಡಿದೆ. ‘ಬನ್ನಿ, ನೀವೂ ನಿರ್ಮಾಪಕರಾಗಿ!’ ಅಂತ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ನಿರ್ಮಾಪಕ ಅಂದರೆ ಹಾಕಿದ ದುಡ್ಡಿಗೆ ಲಾಭ, ನಷ್ಟ ಎರಡನ್ನೂ ಕಾಣುವವನು ತಾನೆ? ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ತಪ್ಪು ಪೋಸ್ಟರಿನದು. ಅದನ್ನು ಬರೆದವನು ನಾನೇ.

ಕ್ರೌಡ್‌ಫಂಡಿಂಗ್ ಬಗ್ಗೆ ಈಗ ಸಿನಿಮಾ ಮಾಡಬೇಕೆಂಬ ಹುಡುಗರೆಲ್ಲ ಮಾತಾಡುತ್ತಾರೆ. ಎಷ್ಟು ಎತ್ತಬಹುದು, ಯಾವ ವೆಬ್‌ಸೈಟ್ ಒಳ್ಳೆಯದು, ವಿಡಿಯೊ ಹೇಗಿರಬೇಕು ಅಂತೆಲ್ಲ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಬರುವ ದುಡ್ಡಿಗೆ ಹೆಸರೇನು? ವಂತಿಗೆಯಾ, ಮುಂಗಡವಾ, ಪಾಲಾ, ಸಾಲವಾ? ನಾನು ಕಂಡ ಜಗಳಗಳಲ್ಲಿ ಬಹುಪಾಲು ಈ ಒಂದು ಹೆಸರನ್ನು ಮೊದಲೇ ಇಡದೆ ಹುಟ್ಟಿದವು.

ಹೆಸರು ಹೊಸದು, ಪದ್ಧತಿ ಹಳೇದು

ಒಬ್ಬ ಸಾಹುಕಾರ 10 ಲಕ್ಷ ಹಾಕುವ ಬದಲು ಸಾವಿರ ಜನ ತಲಾ ಸಾವಿರ ಹಾಕುವುದು. ಕ್ರೌಡ್‌ಫಂಡಿಂಗ್ ಅಂದರೆ ಇಷ್ಟೇ. ನಮ್ಮ ಕಡೆ ಇದೇನು ಹೊಸತಲ್ಲ. ದೇವಸ್ಥಾನದ ಮಾಡು ಸೋರಿದರೆ ವಂತಿಗೆ. ಶಾಲೆಗೆ ನೂರು ವರ್ಷ ತುಂಬಿದರೆ ವಂತಿಗೆ. ಊರಲ್ಲೊಂದು ಯಕ್ಷಗಾನ ಆಟ ಆಗಬೇಕೆಂದರೂ ವಂತಿಗೆ. ಅಮೆರಿಕದಲ್ಲಿ 2008ರಲ್ಲಿ ಇಂಡಿಗೋಗೋ, 2009ರಲ್ಲಿ ಕಿಕ್‌ಸ್ಟಾರ್ಟರ್ ಶುರುವಾದವು. ರಸೀದಿ ಪುಸ್ತಕ ಹಿಡಿದು ಮನೆಮನೆ ತಿರುಗುವ ಕೆಲಸವನ್ನು ಅವು ಅಂತರ್ಜಾಲಕ್ಕೆ ತಂದವು. ಊರ ಗಡಿ ದಾಟಿ ಕೇಳುವುದು ಸುಲಭವಾಯಿತು. ಅದು ಸಣ್ಣ ಬದಲಾವಣೆಯಲ್ಲ ಬಿಡಿ.

ನಮ್ಮ ದೇಶದಲ್ಲಿ ಸಿನಿಮಾಕ್ಕೆ ಜನರ ಹಣ ಬಂದದ್ದು ಅದಕ್ಕೂ ಎಷ್ಟೋ ಮೊದಲು. 1976ರಲ್ಲಿ ಬಂದ ಶ್ಯಾಮ್ ಬೆನೆಗಲ್ ಅವರ ‘ಮಂಥನ್’ ಚಿತ್ರಕ್ಕೆ ಗುಜರಾತಿನ ಹಾಲು ಸಹಕಾರಿ ಸಂಘಗಳ 5 ಲಕ್ಷ ರೈತರು ತಲಾ 2 ರೂಪಾಯಿ ಕೊಟ್ಟರು. ಒಟ್ಟು 10 ಲಕ್ಷ. ಆ ಚಿತ್ರದಲ್ಲಿ ಊರಿಗೆ ಬರುವ ಪಶುವೈದ್ಯನಾಗಿ ನಟಿಸಿದವರು ಗಿರೀಶ್ ಕಾರ್ನಾಡ್. ಅವರ ಬಾಲ್ಯ ಕಳೆದದ್ದು ಇದೇ ಶಿರಸಿಯಲ್ಲಿ. ಜೊತೆಗಿದ್ದ ಅನಂತ್ ನಾಗ್ ಅವರ ಪಾತ್ರದ ಹೆಸರು ಚಂದಾವರ್ಕರ್. ಹೊನ್ನಾವರದ ಕಡೆಯವರಿಗೆ ಆ ಹೆಸರು ಕೇಳಿದರೆ ತಮ್ಮ ಚಂದಾವರ ಊರು ನೆನಪಾಗದೇ ಇರುತ್ತದಾ? ಗುಜರಾತಿನ ಕತೆಯೊಳಗೆ ನಮ್ಮ ಕರಾವಳಿ ಹೇಗೋ ನುಸುಳಿತ್ತು.

‘ಮಂಥನ್’ ಬಗ್ಗೆ ಹೇಳುವಾಗ ಎಲ್ಲರೂ 2 ರೂಪಾಯಿಯ ಮಾತು ಹೇಳುತ್ತಾರೆ. ಆ 2 ರೂಪಾಯಿ ಒಟ್ಟಾದದ್ದು ಹೇಗೆ ಅನ್ನುವುದೇ ದೊಡ್ಡ ವಿಷಯ. 5 ಲಕ್ಷ ಮನೆಯ ಬಾಗಿಲು ಯಾರೂ ತಟ್ಟಲಿಲ್ಲ. ರೈತರು ದಿನಾ ಹಾಲು ಹಾಕುವ ಸಂಘ ಇತ್ತು, ಅಲ್ಲಿ ಪ್ರತಿಯೊಬ್ಬರ ಲೆಕ್ಕವೂ ಇತ್ತು. ಅಂದರೆ ಜಾಲ ಮೊದಲೇ ಇತ್ತು, ನಂಬಿಕೆಯೂ ಇತ್ತು. ಸಿನಿಮಾ ಅದರ ಮೇಲೆ ಬಂದು ಕೂತಿತು. 1923ರಿಂದ ಅಡಿಕೆ ಬೆಳೆಗಾರರ ಸಹಕಾರಿ ಸಂಘವಾದ ತೋಟಗಾರ್ಸ್ ಸೇಲ್ ಸೊಸೈಟಿ ನೋಡಿರುವ ಶಿರಸಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿತ್ರ ತೆರೆ ಕಂಡಾಗ ರೈತರು ಲಾರಿ ಹತ್ತಿಕೊಂಡು ನೋಡಲು ಬಂದರು. ಹಣ ಕೊಟ್ಟವರೇ ಮೊದಲ ಪ್ರೇಕ್ಷಕರಾದರು. 2024ರಲ್ಲಿ ಅದೇ ಚಿತ್ರ ಹೊಸದಾಗಿ ಸರಿಪಡಿಸಿಕೊಂಡು ಕಾನ್ ಚಿತ್ರೋತ್ಸವದಲ್ಲಿ ಮತ್ತೆ ತೆರೆ ಕಂಡಿತು.

ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಅವರ ಒಡೆಸ್ಸಾ ಬಳಗ ಇನ್ನೊಂದು ದಾರಿ ಹಿಡಿದರು. ಊರೂರು ತಿರುಗಿ, ಸಿನಿಮಾ ತೋರಿಸಿ, ಜನರಿಂದ ಚಿಲ್ಲರೆ ಕಾಸು ಸೇರಿಸಿ 1986ರಲ್ಲಿ ‘ಅಮ್ಮ ಅರಿಯಾನ್’ ಮಾಡಿದರು. ಚಿತ್ರವನ್ನು ತೋರಿಸಿದ್ದೂ ಹಾಗೇ, ಊರೂರು ಒಯ್ದು.

ಕನ್ನಡದಲ್ಲಿ ಈ ಮಾತು ಬಂದರೆ ಎಲ್ಲರ ಬಾಯಿಗೂ ಬರುವುದು ಪವನ್ ಕುಮಾರ್ ಅವರ ‘ಲೂಸಿಯಾ’. ಚಿತ್ರಕತೆಗೆ ಹಣ ಹಾಕುವವರು ಸಿಗದೆ ಬೇಸತ್ತು ಅವರು ಅದನ್ನೆಲ್ಲ ಅಂತರ್ಜಾಲದಲ್ಲಿ ಬರೆದುಕೊಂಡರು. ಓದಿದವರು ನಾವು ಹಾಕುತ್ತೇವೆ ಅಂದರು. 27 ದಿನದಲ್ಲಿ 110 ಜನರಿಂದ 51 ಲಕ್ಷ ಬಂತು. 2013ರ ಜುಲೈನಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚಿನ ಚಿತ್ರ ಅನಿಸಿಕೊಂಡಿತು. ಸೆಪ್ಟೆಂಬರಿನಲ್ಲಿ ನಮ್ಮ ಟಾಕೀಸುಗಳಿಗೆ ಬಂತು.

ಈಗ ಒಂದು ಸಣ್ಣ ಭಾಗಾಕಾರ ಮಾಡಿ. 51 ಲಕ್ಷವನ್ನು 110ರಿಂದ ಭಾಗಿಸಿದರೆ ತಲಾ ಸುಮಾರು 46,000. ‘ಮಂಥನ್’ ಲೆಕ್ಕದಲ್ಲಿ ತಲಾ 2 ರೂಪಾಯಿ. ಎರಡಕ್ಕೂ ನಾವು ಒಂದೇ ಹೆಸರು ಹೇಳುತ್ತೇವೆ. ಆದರೆ 2 ರೂಪಾಯಿ ಕೊಟ್ಟವನು ಹಿಂದೆ ತಿರುಗಿ ನೋಡುವುದಿಲ್ಲ. 46,000 ಹಾಕಿದವನು ನೋಡುತ್ತಾನೆ, ನೋಡಲೇಬೇಕು.

ಪ್ರಸಾದ, ಟಿಕೆಟ್, ರಂಪಣಿ

ವಂತಿಗೆ ಕೊಟ್ಟವರಿಗೆ ಪ್ರಸಾದ ಸಿಗುತ್ತದೆ. ಸಿನಿಮಾದಲ್ಲಾದರೆ ಕೊನೆಗೆ ಓಡುವ ಹೆಸರುಗಳಲ್ಲಿ ಅವರದೂ ಒಂದು. ಅಷ್ಟರ ಮೇಲೆ ಯಾರೂ ಏನೂ ಕೇಳುವುದಿಲ್ಲ. ಕೊಡುವವರಿಗೂ ಪಡೆಯುವವರಿಗೂ ಇದು ಹಗುರ. ಆದರೆ ಇದರ ಮಿತಿಯೂ ಅಲ್ಲೇ ಇದೆ. ವಂತಿಗೆ ಕೊಡುವುದು ಗೊತ್ತಿದ್ದವರು, ಅದೂ ಒಂದು ಸಲ. ಎರಡನೇ ಸಿನಿಮಾಕ್ಕೆ ಮತ್ತೆ ಅದೇ ಬಾಗಿಲಿಗೆ ಹೋದರೆ ‘ಆಸರಿಗೆ ಬೇಕಾ’ (ಕುಡಿಯಲು ಏನಾದರೂ ಬೇಕಾ) ಅಂತಷ್ಟೇ ಕೇಳಿ ಕಳಿಸುತ್ತಾರೆ.

ಮುಂಗಡ ಅಂದರೆ ಟೆಂಟ್ ಆಟದ ಟಿಕೆಟನ್ನು ಮೊದಲೇ ತೆಗೆದುಕೊಂಡ ಹಾಗೆ. 300 ರೂಪಾಯಿ ಕೊಟ್ಟರೆ ಸಿನಿಮಾ ನೋಡಲು ಒಂದು ಲಿಂಕ್. 1,000 ಕೊಟ್ಟರೆ ಪೋಸ್ಟರ್. 5,000 ಕೊಟ್ಟರೆ ಚಿತ್ರೀಕರಣದ ಜಾಗಕ್ಕೆ ಒಂದು ದಿನ ಬರಬಹುದು. ವೆಬ್‌ಸೈಟುಗಳಲ್ಲಿ ಸಿನಿಮಾಕ್ಕೆ ನಡೆಯುವ ಕ್ರೌಡ್‌ಫಂಡಿಂಗ್ ಬಹುತೇಕ ಇದೇ. ಇಲ್ಲಿ ನೀವು ಒಂದು ವಸ್ತು ಮಾರುತ್ತಿದ್ದೀರಿ. ವಸ್ತು ಇನ್ನೂ ತಯಾರಾಗಿಲ್ಲ, ಅಷ್ಟೇ. ‘ಧರಣಿ ಮಂಡಲ ಮಧ್ಯದೊಳಗೆ’ ಅಂತ ನಾವೆಲ್ಲ ಹಾಡಿಕೊಂಡು ಬೆಳೆದ ಗೋವಿನ ಕತೆ ‘ಪುಣ್ಯಕೋಟಿ’ ಎಂಬ ಸಂಸ್ಕೃತ ಅನಿಮೇಶನ್ ಚಿತ್ರವಾದದ್ದು ಇಂಥ ಒಂದು ತಾಣದ ಮೂಲಕ ಜನ ಕೊಟ್ಟ ಹಣ ಸೇರಿಕೊಂಡೇ.

ಪಾಲಿನ ಮಾತು ಬೇರೆ. ಕಾರವಾರದಿಂದ ಭಟ್ಕಳದವರೆಗಿನ ಕಡಲ ದಂಡೆಯಲ್ಲಿ ರಂಪಣಿ ಎಳೆಯುವುದನ್ನು ನೋಡಿದ್ದೀರಾ? ದೋಣಿಯೊಂದು ಬಲೆ ಬಿಡುತ್ತಾ ಅರ್ಧ ಚಂದ್ರದ ಹಾಗೆ ಸುತ್ತಿ ಬರುತ್ತದೆ. ಹಗ್ಗದ ಎರಡು ತುದಿಗೆ ಹತ್ತಾರು ಜನ ನಿಂತು ಎಳೆಯುತ್ತಾರೆ. ಬಂಗುಡೆ ತುಂಬಿ ಬಂದರೆ ಎಲ್ಲರಿಗೂ ಪಾಲು. ಬಲೆಗೊಂದು ಪಾಲು, ದೋಣಿಗೊಂದು ಪಾಲು, ಎಳೆದವನಿಗೊಂದು ಪಾಲು. ಬಲೆ ಖಾಲಿ ಬಂದರೆ? ಎಲ್ಲರಿಗೂ ಖಾಲಿ. ಹಗ್ಗ ಎಳೆದದ್ದಕ್ಕೆ ಕೂಲಿ ಕೊಡಿ ಅಂತ ಯಾರೂ ಕೇಳುವುದಿಲ್ಲ. ಪಾಲು ಅಂದರೆ ಅದು. ಬಂದರೆ ಸಿಗುತ್ತದೆ, ಬಾರದಿದ್ದರೆ ಇಲ್ಲ, ಮತ್ತು ಯಾರಿಗೆ ಎಷ್ಟು ಅನ್ನುವುದು ಬಲೆ ನೀರಿಗೆ ಇಳಿಯುವ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ.

ಸಿನಿಮಾದ ಪಾಲಿನಲ್ಲಿ ಈ ಕೊನೆಯ ಮಾತೇ ತಪ್ಪಿಹೋಗುತ್ತದೆ. ‘ಲಾಭ ಬಂದರೆ ಹಂಚೋಣ’ ಅಂತ ಚಾ ಕುಡಿಯುತ್ತಾ ಹೇಳುತ್ತೇವೆ. ಲಾಭ ಅಂದರೆ ಯಾವುದು? ಟಾಕೀಸಿನಲ್ಲಿ ಬಂದ ಒಟ್ಟು ಹಣವಾ? ಟಾಕೀಸಿನವರ ಪಾಲು, ವಿತರಕರ ಕಮಿಷನ್, ಪೋಸ್ಟರ್ ಖರ್ಚು ಎಲ್ಲ ಕಳೆದು ಉಳಿದದ್ದಾ? ಟಿವಿ ಹಕ್ಕು, ಡಬ್ಬಿಂಗ್ ಹಕ್ಕು, ರಿಮೇಕ್ ಹಕ್ಕು ಸೇರುತ್ತದಾ? ನಿರ್ದೇಶಕ ಸಂಬಳ ತೆಗೆದುಕೊಳ್ಳದೆ ದುಡಿದಿದ್ದರೆ ಅವನದು ಎಷ್ಟು ಪಾಲು? ‘ಲೂಸಿಯಾ’ ಆಮೇಲೆ ತಮಿಳಿನಲ್ಲಿ ರಿಮೇಕ್ ಆಯಿತು. ಹಾಗಾಗಿ ಸಣ್ಣ ಸಿನಿಮಾಕ್ಕೆ ರಿಮೇಕ್ ಎಲ್ಲಿಂದ ಬರುತ್ತದೆ ಅಂತ ನಗಬೇಡಿ. ಒಂದು ಹಾಳೆಯಲ್ಲಿ ಬರೆದಿಡಿ, ಎರಡೂ ಕಡೆಯವರು ಸಹಿ ಹಾಕಿ.

ಇನ್ನು ಸಾಲ. ಅದನ್ನು ಜನರಿಂದ ಎತ್ತಲೇಬೇಡಿ.

ಕಾನೂನು ಎಲ್ಲಿ ಅಡ್ಡ ಬರುತ್ತದೆ

ಸಾಲ ಬೇಡ ಅಂದದ್ದಕ್ಕೆ ಕಾರಣ ಇದೆ. ‘ಈಗ ಕೊಡಿ, ಮುಂದೆ ವಾಪಸು ಕೊಡುತ್ತೇವೆ’ ಅಂತ ಸಾರ್ವಜನಿಕರಿಂದ ಹಣ ಪಡೆದರೆ ಕಾನೂನಿನ ಕಣ್ಣಿಗೆ ಅದು ಠೇವಣಿ. ಅನುಮತಿ ಇಲ್ಲದೆ ಠೇವಣಿ ಸಂಗ್ರಹಿಸುವುದನ್ನು ತಡೆಯಲು 2019ರಲ್ಲಿ ಕೇಂದ್ರ ಸರ್ಕಾರ ಒಂದು ಕಾಯ್ದೆಯನ್ನೇ ತಂದಿದೆ. ಶಿಕ್ಷೆಯಲ್ಲಿ ಜೈಲೂ ಸೇರಿದೆ. ಬಡ್ಡಿ ಕೊಡುತ್ತೇವೆ ಅಂತ ಹೇಳಿರಬೇಕೆಂದೇನೂ ಇಲ್ಲ. ವಾಪಸು ಕೊಡುವ ಮಾತು ಬಂದರೇ ಸಾಕು. ಹತ್ತಿರದ ನೆಂಟರಿಂದ ಪಡೆದ ಸಾಲಕ್ಕೆ ವಿನಾಯಿತಿ ಇದೆ. ಟಿಕೆಟ್, ಪೋಸ್ಟರಿನ ಹಾಗೆ ವಸ್ತುವಿಗೋ ಸೇವೆಗೋ ಪಡೆದ ಮುಂಗಡ ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮಾತು ಕೊಟ್ಟದ್ದನ್ನು ನಿಜವಾಗಿಯೂ ತಲುಪಿಸಿರಬೇಕು.

ಪಾಲು ಕೊಡಬೇಕು ಅಂದರೆ ಕಂಪನಿ ಮಾಡಿ ಶೇರು ಕೊಡುವುದು ಒಂದು ದಾರಿ. ಪ್ರೈವೇಟ್ ಕಂಪನಿ ಹೀಗೆ ಶೇರು ಕೊಡಲು ಒಂದು ಹಣಕಾಸು ವರ್ಷದಲ್ಲಿ ಹೆಚ್ಚೆಂದರೆ 200 ಜನರನ್ನು ಮಾತ್ರ ಕೇಳಬಹುದು. 2013ರ ಕಂಪನಿ ಕಾಯ್ದೆಯ ಮಾತಿದು. ಹಣ ಬ್ಯಾಂಕಿನ ಮೂಲಕವೇ ಬರಬೇಕು, ನಗದು ನಡೆಯುವುದಿಲ್ಲ. ಬಂದ 60 ದಿನದೊಳಗೆ ಶೇರು ಕೊಡಬೇಕು. ಇದೆಲ್ಲ ಹೇಗಾದರೂ ನಿಭಾಯಿಸಬಹುದು ಅನ್ನಿ. ಇನ್ನೊಂದು ಷರತ್ತು ಇದೆ, ಹುಡುಗರು ಸಾಮಾನ್ಯವಾಗಿ ಎಡವುವುದು ಅಲ್ಲೇ. ಈ ಶೇರುಗಳ ಬಗ್ಗೆ ಜಾಹೀರಾತು ಕೊಡುವ ಹಾಗಿಲ್ಲ. ಯಾರನ್ನು ಕೇಳುತ್ತೀರೋ ಅವರನ್ನು ಹೆಸರು ಹಿಡಿದು ಕೇಳಬೇಕು. ಫೇಸ್‌ಬುಕ್ಕಿನಲ್ಲಿ ‘ನಮ್ಮ ಸಿನಿಮಾದ ಪಾಲುದಾರರಾಗಿ, ಲಾಭ ಪಡೆಯಿರಿ’ ಅಂತ ಹಾಕಿದರೆ ಅದೇ ಜಾಹೀರಾತು. ಇತ್ತ ಕ್ರೌಡ್‌ಫಂಡಿಂಗಿನ ಜೀವವೇ ಊರಿಗೆಲ್ಲ ಸಾರುವುದು. ಎರಡೂ ಒಟ್ಟಿಗೆ ಹೋಗುವುದಿಲ್ಲ ಅಲ್ವಾ?

ಈ ಕಗ್ಗಂಟು ಬಿಡಿಸುವ ಬಗ್ಗೆ ಶೇರು ಮಾರುಕಟ್ಟೆಯ ಮೇಲೆ ಕಣ್ಣಿಡುವ ಸಂಸ್ಥೆ ಸೆಬಿ 2014ರ ಜೂನಿನಲ್ಲಿ ಒಂದು ಚರ್ಚಾ ಪತ್ರ ಹೊರಡಿಸಿತು. ಆಮೇಲೆ ಅದಕ್ಕೆಂದೇ ನಿಯಮ ಬರಲಿಲ್ಲ. ಬದಲಿಗೆ 2016ರಲ್ಲಿ, ಅನುಮತಿ ಇಲ್ಲದ ವೆಬ್‌ಸೈಟುಗಳ ಮೂಲಕ ಶೇರಿಗೆ ಹಣ ಹಾಕಬೇಡಿ ಅಂತ ಜನರಿಗೆ ಎಚ್ಚರಿಕೆ ಕೊಟ್ಟಿತು. ಹಾಗಾಗಿ ಸಣ್ಣ ಸಿನಿಮಾದವರಿಗೆ ನನ್ನ ಸಲಹೆ ಇಷ್ಟೇ. ಊರಿಗೆ ಸಾರಿ ಕೇಳುವುದಾದರೆ ವಂತಿಗೆ ಅಥವಾ ಮುಂಗಡ ಕೇಳಿ. ಪಾಲು ಕೊಡುವುದಾದರೆ ಹತ್ತು ಹದಿನೈದು ಜನರನ್ನು ಒಳಗೆ ಕೂರಿಸಿ ಮಾತಾಡಿ, ಸಿಎ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಶಿರಸಿ, ಕಾರವಾರ, ಕುಮಟಾ ಎಲ್ಲ ಕಡೆ ಸಿಎಗಳಿದ್ದಾರೆ. ಅವರ ಫೀಸು ಒಂದು ದಿನದ ಜನರೇಟರ್ ಬಾಡಿಗೆಗಿಂತ ಜಾಸ್ತಿ ಆಗಲಿಕ್ಕಿಲ್ಲ.

ತೆರಿಗೆ ಬಗ್ಗೆಯೂ ಎರಡು ಮಾತು. ನೆಂಟರಲ್ಲದವರಿಂದ ಬಂದ ಉಡುಗೊರೆ ಹಣ ವರ್ಷಕ್ಕೆ ಒಟ್ಟು 50,000 ದಾಟಿದರೆ ಅದು ಪೂರ್ತಿ ನಿಮ್ಮ ಆದಾಯ. 50,000ದ ಮೇಲಿನದಕ್ಕೆ ಮಾತ್ರ ಅಲ್ಲ, ಪೂರ್ತಿಗೂ. ಆದ್ದರಿಂದ ನಿರ್ದೇಶಕನ ಸ್ವಂತ ಉಳಿತಾಯ ಖಾತೆಗೆ ಎಲ್ಲರ ಹಣ ಹಾಕಿಸಿಕೊಳ್ಳುವುದು ಕೆಟ್ಟ ಉಪಾಯ. ಬೇರೆ ಖಾತೆ ತೆರೆಯಿರಿ, ಖರ್ಚಿನ ಬಿಲ್ಲೆಲ್ಲ ಇಟ್ಟುಕೊಳ್ಳಿ. ಮುಂಗಡವಾಗಿ ಮಾರಿದ್ದು ವ್ಯವಹಾರವೇ ಆದ್ದರಿಂದ ಬೇರೆ ಆದಾಯವೂ ಸೇರಿ ವರ್ಷದ ವಹಿವಾಟು 20 ಲಕ್ಷ ದಾಟುವ ಹಾಗಿದ್ದರೆ ಜಿಎಸ್‌ಟಿ ಬಗ್ಗೆಯೂ ಕೇಳಿಕೊಳ್ಳಿ. ಮತ್ತೆ, ನಮ್ಮ ಊರುಗಳಲ್ಲಿ ಅಮೆರಿಕದಲ್ಲಿ ಮಗ ಇಲ್ಲದ ಮನೆ ಕಡಿಮೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿ ಕೆಲಸ ಮಾಡುವವನು ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡವನದು ವಿದೇಶಿ ದೇಣಿಗೆ ಕಾನೂನಿನಡಿ ಬರಬಹುದು. ಒಂದೇ ಮನೆಯ ಅಣ್ಣ, ತಮ್ಮ ಇಬ್ಬರಿಗೆ ಎರಡು ನಿಯಮ. ದೇಣಿಗೆ ಪಡೆಯುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಅರ್ಧ ಕಾಲುಸಂಕ

ವೆಬ್‌ಸೈಟ್ ಮೂಲಕ ಹೋದರೆ ಎರಡು ಬಗೆ ಇವೆ. ಒಂದರಲ್ಲಿ ಗುರಿ ಮುಟ್ಟಿದರೆ ಮಾತ್ರ ಹಣ. 10 ಲಕ್ಷ ಅಂತ ಹಾಕಿ 9 ಲಕ್ಷ 90 ಸಾವಿರಕ್ಕೆ ನಿಂತರೂ ಎಲ್ಲರ ಹಣ ಅವರವರಿಗೆ ವಾಪಸು. ಕಿಕ್‌ಸ್ಟಾರ್ಟರ್ ನಡೆಯುವುದು ಹೀಗೆ. ಗಡುವು ಹೆಚ್ಚೆಂದರೆ 60 ದಿನ. ಭಾರತದಲ್ಲಿ ಕೂತು ಅಲ್ಲಿ ನೇರವಾಗಿ ಹಣ ಎತ್ತಲು ಆಗುವುದಿಲ್ಲ, ಅದು ಬೇರೆ ಮಾತು. ಇನ್ನೊಂದು ಬಗೆಯಲ್ಲಿ ಬಂದಷ್ಟು ಇಟ್ಟುಕೊಳ್ಳಬಹುದು.

ಎರಡನೆಯದೇ ಚೆನ್ನಾಗಿದೆ ಅಂತ ಮೊದಲು ನನಗೂ ಅನಿಸಿತ್ತು. ಬಂದ ದುಡ್ಡು ಯಾಕೆ ಬಿಡಬೇಕು? ಆದರೆ ಹಳ್ಳಕ್ಕೆ ಅರ್ಧ ಕಾಲುಸಂಕ ಹಾಕಿದರೆ ಯಾರು ದಾಟುತ್ತಾರೆ? 10 ಲಕ್ಷದ ಸಿನಿಮಾಕ್ಕೆ 4 ಲಕ್ಷ ಬಂದರೆ, ನಾಲ್ಕು ದಿನ ಚಿತ್ರೀಕರಣ ಮಾಡಿ ನಿಲ್ಲಿಸುತ್ತೀರಿ. ಹಾರ್ಡ್ ಡಿಸ್ಕ್ ಕಪಾಟಿನಲ್ಲಿ ಕೂರುತ್ತದೆ. ಹಣ ಕೊಟ್ಟವರು ಹಬ್ಬದಲ್ಲಿ ಸಿಕ್ಕಾಗಲೆಲ್ಲ ‘ಎಲ್ಲಿವರೆಗೆ ಬಂತು’ ಅಂತ ಕೇಳುತ್ತಾರೆ. ಹಣ ವಾಪಸಾಗಿದ್ದರೆ ಬರೀ ನಾಚಿಕೆ ಆಗುತ್ತಿತ್ತು. ಈಗ ಸಾಲಗಾರನ ಹಾಗೆ ಮುಖ ತಪ್ಪಿಸಿ ಓಡಾಡಬೇಕು. ಗುರಿ ಮುಟ್ಟಿದರೆ ಮಾತ್ರ ಅನ್ನುವ ನಿಯಮ ನಿರ್ದಯಿ ಅನಿಸಿದರೂ ಕೊಡುವವರನ್ನೂ ಕೇಳುವವರನ್ನೂ ಕಾಪಾಡುತ್ತದೆ.

ಇನ್ನು ಕೈಗೆ ಬರುವುದು ಎಷ್ಟು? ಲೆಕ್ಕಕ್ಕೆಂದು 10 ಲಕ್ಷ ಬಂತು ಅಂತ ಇಟ್ಟುಕೊಳ್ಳಿ. ತಾಣದವರ ಶುಲ್ಕ ಶೇಕಡ 8 ಅಂದರೆ 80,000. ಹಣ ಪಾವತಿಯ ಗೇಟ್‌ವೇಗೆ ಶೇಕಡ 2.5, ಅಂದರೆ 25,000. ಎರಡರ ಮೇಲೂ ಶೇಕಡ 18 ಜಿಎಸ್‌ಟಿ, 18,900. ಉಳಿದದ್ದು 8,76,100. ಇದರಲ್ಲಿ 150 ಜನರಿಗೆ ಟೀ ಶರ್ಟ್ ಕೊಡುತ್ತೇವೆ ಅಂದಿದ್ದೀರಿ. ಶರ್ಟಿಗೆ 250, ಕೊರಿಯರಿಗೆ 80. ಒಟ್ಟು 49,500. ಸಿನಿಮಾಕ್ಕೆ ಉಳಿದದ್ದು 8,26,600. ಅಂದರೆ ಸಿನಿಮಾಕ್ಕೆ 10 ಲಕ್ಷ ಬೇಕಿದ್ದರೆ ಕೇಳಬೇಕಾದದ್ದು 12 ಲಕ್ಷದ ಹತ್ತಿರ. ಶುಲ್ಕ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಸೇರುವ ಮೊದಲು ಓದಿಕೊಳ್ಳಿ.

ನಾವು ವೆಬ್‌ಸೈಟಿಗೆ ಹೋಗಲಿಲ್ಲ. ಒಂದು ಯುಪಿಐ ಕೋಡ್, ಒಂದು ವಾಟ್ಸಾಪ್ ಗುಂಪು, ಒಂದು ಕೆಂಪು ರಟ್ಟಿನ ಲೆಕ್ಕದ ಪುಸ್ತಕ. ಶುಲ್ಕ ಉಳಿಯಿತು. ಆದರೆ ವೆಬ್‌ಸೈಟ್ ಮಾಡುವ ಕೆಲಸವೆಲ್ಲ ನನ್ನ ತಲೆ ಮೇಲೆ ಬಂತು. ಯಾರು ಕಳಿಸಿದರು, ಯಾವ ಹೆಸರಲ್ಲಿ ಕಳಿಸಿದರು, ಹೆಂಡತಿಯ ಫೋನಿನಿಂದ ಕಳಿಸಿದ 2,000 ಯಾರ ಲೆಕ್ಕಕ್ಕೆ ಸೇರಿಸಬೇಕು. ರಾತ್ರಿ ಹನ್ನೊಂದರವರೆಗೆ ಸ್ಕ್ರೀನ್‌ಶಾಟ್ ನೋಡುತ್ತಾ ಕೂರುತ್ತಿದ್ದೆ.

ಕೇಳುವ ಹೊತ್ತು

ಹಣ ಬರುವ ರೀತಿಗೆ ಒಂದು ಲಯ ಇದೆ. ಮೊದಲ ವಾರ ಮನೆಯವರು, ಗೆಳೆಯರು ಕೊಡುತ್ತಾರೆ. ಆಮೇಲೆ ಒಂದು ದೊಡ್ಡ ಮೌನ. ಕೊನೆಯ ವಾರ ಮತ್ತೆ ಓಟ. ನಡುವಿನ ಆ ಮೌನದಲ್ಲಿ ಎಷ್ಟೋ ಜನ ಕೈಚೆಲ್ಲುತ್ತಾರೆ. ಶುರುವಿನಲ್ಲಿ ಪುಸ್ತಕದಲ್ಲಿ ನಾಲ್ಕು ಹೆಸರು ಕಂಡರೆ ಐದನೆಯವರು ಕೊಡುತ್ತಾರೆ. ವಂತಿಗೆ ಎತ್ತಿದ ಯಾರಿಗಾದರೂ ಇದು ಗೊತ್ತು. ಮೊದಲ ಹಾಳೆಯಲ್ಲಿ ಊರ ದೊಡ್ಡ ಮನೆಯ ಹೆಸರು ಬರೆಸಿಕೊಂಡೇ ಉಳಿದ ಮನೆಗೆ ಹೋಗುವುದು.

ಊರಲ್ಲಿ ಕೇಳುವುದಾದರೆ ಕಾಲ ನೋಡಬೇಕು. ತೋಟದವರ ಕೈಯಲ್ಲಿ ದುಡ್ಡಾಡುವುದು ಅಡಿಕೆ ಮಾರಿದ ಮೇಲೆ. ಅಡಿಕೆ ಗೊನೆ ಕೊಯ್ಯುವ, ಸುಲಿಯುವ ಗಡಿಬಿಡಿಯಲ್ಲಿ ಹೋಗಿ ಸಿನಿಮಾ ಅಂದರೆ ಕೈಗೆ ಮೆಟ್ಟುಗತ್ತಿ ಕೊಟ್ಟು ಕೂರಿಸಿಯಾರು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವ ಹಾಗಿಲ್ಲ. ಆ 61 ದಿನ ಬಂದರಿನಲ್ಲಿ ಯಾರನ್ನೂ ಕೇಳಬಾರದು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹೊತ್ತಿನಲ್ಲಿ ಶಿರಸಿಯವರ ಮನಸ್ಸೂ ಜೇಬೂ ಎರಡೂ ಬೇರೆ ಕಡೆ ಇರುತ್ತವೆ. ಒಳ್ಳೆಯ ಸಮಯ ಅಂದರೆ ಚೌತಿ. ಬೆಂಗಳೂರಿನ ಹುಡುಗರೆಲ್ಲ ಮನೆಗೆ ಬಂದಿರುತ್ತಾರೆ. ಚಕ್ಕುಲಿ ತಿನ್ನುತ್ತಾ ಜಗುಲಿಯಲ್ಲಿ ಕೂತವರಿಗೆ ಮೂರು ನಿಮಿಷದ ಒಂದು ತುಣುಕು ತೋರಿಸಿದರೆ ಸಾಕು. ನಮಗೆ ಬಂದ ಹಣದಲ್ಲಿ ದೊಡ್ಡ ಪಾಲು ಆ ನಾಲ್ಕು ದಿನದಲ್ಲೇ ಬಂತು.

ತುಣುಕು ಬೇಕೇ ಬೇಕು. ಬರೀ ಕತೆ ಹೇಳಿದರೆ ಜನ ‘ಚೆನ್ನಾಗಿದೆ’ ಅನ್ನುತ್ತಾರೆ. ಕಂಡರೆ ಕೊಡುತ್ತಾರೆ. ಅದಕ್ಕೇ ಪೂರ್ತಿ ಸಿನಿಮಾದ ಖರ್ಚನ್ನು ಜನರಿಂದ ಎತ್ತುವ ಬದಲು ಕೊನೆಯ ಹಂತಕ್ಕೆ ಮಾತ್ರ ಕೇಳುವುದು ಒಳ್ಳೆಯದು ಅಂತ ಈಗ ನನಗನಿಸುತ್ತದೆ. ಚಿತ್ರೀಕರಣವನ್ನು ಕೈಯಿಂದಲೋ ಒಂದಿಬ್ಬರು ಪಾಲುದಾರರಿಂದಲೋ ಹೇಗೋ ಮುಗಿಸಿ. ಶಬ್ದದ ಕೆಲಸ, ಬಣ್ಣ ತಿದ್ದುವುದು, ಉಪಶೀರ್ಷಿಕೆ, ಟಾಕೀಸಿನಲ್ಲಿ ಓಡಿಸಲು ಬೇಕಾದ ಡಿಸಿಪಿ ಪ್ರತಿ, ಇವಕ್ಕೆ ಜನರನ್ನು ಕೇಳಿ. ಆಗ ಕೊಡುವವರಿಗೆ ಸಿನಿಮಾ ಕಣ್ಣಮುಂದೆ ಇರುತ್ತದೆ. ಮುಗಿಯದೇ ಉಳಿಯುವ ಭಯವೂ ಕಡಿಮೆ.

ಬಿಡುಗಡೆಯ ಖರ್ಚನ್ನು ಎಲ್ಲರೂ ಮರೆಯುತ್ತಾರೆ, ನಾವೂ ಮರೆತಿದ್ದೆವು. ಊರಿನ ಸಭಾಭವನದಲ್ಲಿ ತೋರಿಸಿದರೂ ಅದು ಸಾರ್ವಜನಿಕ ಪ್ರದರ್ಶನವೇ. ಸೆನ್ಸಾರ್ ಸರ್ಟಿಫಿಕೇಟ್ ಬೇಕು. ಅದಕ್ಕೆ ಶುಲ್ಕ, ಬೆಂಗಳೂರಿನ ಕಚೇರಿಯ ಓಡಾಟ, ತಿದ್ದುಪಡಿ ಹೇಳಿದರೆ ಮತ್ತೆ ಎಡಿಟಿಂಗ್. ನಮ್ಮ ಬಜೆಟ್ ಹಾಳೆಯಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ. ಬದಲಿಗೆ ಡ್ರೋನ್ ಅಂತ ಇತ್ತು. ಡ್ರೋನ್ ಬಿಟ್ಟೆವು.

ಕೊಡುತ್ತೇವೆ ಅಂದದ್ದನ್ನು ಕೊಡುವುದು

ನಮ್ಮ ದೊಡ್ಡ ಎಡವಟ್ಟು ಬೆಲ್ಲದ್ದು. 2,000ಕ್ಕಿಂತ ಜಾಸ್ತಿ ಕೊಟ್ಟವರಿಗೆ ಪೋಸ್ಟರಿನ ಜೊತೆ ಒಂದು ಬಾಟಲಿ ಜೋನಿಬೆಲ್ಲ ಕಳಿಸುತ್ತೇವೆ ಅಂದಿದ್ದೆವು. ಆಲೆಮನೆಯ ದೃಶ್ಯ ಸಿನಿಮಾದಲ್ಲಿತ್ತು. ಹಾಗಾಗಿ ಇದು ಬಹಳ ಚಂದದ ಯೋಚನೆ ಅಂತ ನಮಗೆ ನಾವೇ ಬೆನ್ನು ತಟ್ಟಿಕೊಂಡಿದ್ದೆವು. ಬಾಟಲಿ ತೊಳೆದು, ಒಣಗಿಸಿ, ತುಂಬಿ, ಪತ್ರಿಕೆ ಸುತ್ತಿ, ಪೆಟ್ಟಿಗೆಗೆ ಹಾಕಿ ಕಳಿಸಲು ಮೂರು ಭಾನುವಾರ ಬೇಕಾಯಿತು. ಒಂದು ಪೊಟ್ಟಣದಲ್ಲಿ ಮುಚ್ಚಳ ಸರಿಯಾಗಿ ತಿರುಗಿಸಿರಲಿಲ್ಲ. ಬೆಂಗಳೂರಿನ ಹುಡುಗಿಯೊಬ್ಬಳು ಫೋಟೊ ಕಳಿಸಿದಳು. ಪೋಸ್ಟರಿನಲ್ಲಿ ನಾಯಕಿಯ ಮುಖದ ಮೇಲೆ ಬೆಲ್ಲ, ಅದರ ಮೇಲೆ ಇರುವೆಗಳ ಸಾಲು.

ನಕ್ಕೆವು. ಆದರೆ ಲೆಕ್ಕ ಹಾಕಿದರೆ ನಗು ನಿಲ್ಲುತ್ತದೆ. ಬೆಲ್ಲ, ಬಾಟಲಿ, ಪೆಟ್ಟಿಗೆ, ಕೊರಿಯರ್ ಸೇರಿ ಒಬ್ಬರಿಗೆ 400ರ ಹತ್ತಿರ ಹೋಗಿತ್ತು. ಅಂದರೆ 2,000 ಕೊಟ್ಟವರ ಹಣದಲ್ಲಿ ಐದರಲ್ಲೊಂದು ಭಾಗ ಅವರಿಗೇ ಸಿಹಿಯಾಗಿ ವಾಪಸು ಹೋಯಿತು. ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ: ತೂಕ ಇಲ್ಲದ ವಸ್ತು ಕೊಡಿ. ಸಿನಿಮಾದ ಲಿಂಕ್, ಚಿತ್ರಕತೆಯ ಪ್ರತಿ, ಮೊದಲ ಪ್ರದರ್ಶನಕ್ಕೆ ಒಂದು ಕುರ್ಚಿ, ಚಿತ್ರೀಕರಣದ ಜಾಗದಲ್ಲಿ ಎಲ್ಲರ ಜೊತೆ ಒಂದು ಊಟ. ಎಲೆ ಹಾಕಿ ಬಡಿಸಿದ ಆ ಊಟವನ್ನೇ ಜನ ಜಾಸ್ತಿ ನೆನೆಸಿಕೊಳ್ಳುತ್ತಾರೆ. ಕೊರಿಯರ್ ಖರ್ಚಿಲ್ಲ.

ಹದಿನೈದು ದಿನಕ್ಕೊಮ್ಮೆ ಲೆಕ್ಕದ ಪುಸ್ತಕದ ಹಾಳೆಯ ಫೋಟೊ ತೆಗೆದು ಗುಂಪಿಗೆ ಹಾಕುತ್ತಿದ್ದೆವು. ನಾವು ಸರಿಯಾಗಿ ಮಾಡಿದ ಕೆಲಸ ಅದೊಂದೇ ಇರಬೇಕು. ಊಟದ ಖರ್ಚು ಕ್ಯಾಮೆರಾ ಬಾಡಿಗೆಗಿಂತ ಜಾಸ್ತಿ ಆದದ್ದನ್ನು ಕಂಡು ಒಬ್ಬರು ಮರುದಿನವೇ ಒಂದು ಚೀಲ ಅಕ್ಕಿ ಕಳಿಸಿದರು. ಅದಕ್ಕೂ ಪುಸ್ತಕದಲ್ಲಿ ಒಂದು ಸಾಲು ಬರೆದೆ.

ಪಾಲು ಕೇಳಿದ ಹಿರಿಯರ ಮನೆಗೆ ಆ ಪುಸ್ತಕ ಹಿಡಿದುಕೊಂಡೇ ಹೋದೆ. ಕನ್ನಡಕ ಹಾಕಿಕೊಂಡು ಹಾಳೆ ಹಾಳೆ ನೋಡಿದರು. ಡೀಸೆಲ್ ಜಾಗದಲ್ಲಿ ಬೆರಳು ನಿಲ್ಲಿಸಿ ಎಷ್ಟು ಲೀಟರ್ ಅಂತ ಕೇಳಿದರು. ಪಾಲು ಇಲ್ಲ, ಪೋಸ್ಟರಿನಲ್ಲಿ ತಪ್ಪಾಗಿ ಬರೆದೆವು, ಬೇಕಿದ್ದರೆ ನಿಮ್ಮ 5,000 ವಾಪಸು ಕೊಡುತ್ತೇನೆ ಅಂದೆ. “ಹಂಗಾರೆ ವಂತಿಗೆ ಹೇಳೇ ಬರೆಯಕ್ಕಾಗಿತ್ತು” ಅಂದರು. ಹಣ ಬೇಡ ಅಂದರು. ಆಮೇಲೆ, ಸಿನಿಮಾದಲ್ಲಿ ಅವರ ಹೆಸರಿನ ಇನಿಶಿಯಲ್ ತಪ್ಪಾಗಿದೆ, ಅದನ್ನು ಮಾತ್ರ ಸರಿ ಮಾಡು ಅಂದರು. ಸರಿ ಮಾಡಿಸಿದೆ. ಎಡಿಟರ್ 500 ತೆಗೆದುಕೊಂಡ.

ಎಲ್ಲ ಮುಗಿದ ಮೇಲೆ ಖಾತೆಯಲ್ಲಿ 1,860 ರೂಪಾಯಿ ಉಳಿಯಿತು. ಏನು ಮಾಡುವುದು ಅಂತ ಗುಂಪಿನಲ್ಲಿ ಕೇಳಿದೆವು. ಶಾಲೆಗೆ ಕೊಡಿ ಅಂದರು ಕೆಲವರು. ಮುಂದಿನ ಸಿನಿಮಾಕ್ಕೆ ಇಡಿ ಅಂದರು ಇನ್ನು ಕೆಲವರು. ಕೊನೆಗೆ ಜಾಸ್ತಿ ಜನ ಒಪ್ಪಿದ್ದು ಬೇರೆಯೇ: ಇರುವೆ ಹತ್ತಿದ ಪೋಸ್ಟರಿನ ಹುಡುಗಿಗೆ ಹೊಸ ಪೋಸ್ಟರ್, ಹೊಸ ಬೆಲ್ಲ. ಉಳಿದದ್ದು ಶಾಲೆಗೆ. ಈ ಸಲ ಕೊರಿಯರ್ ಮಾಡಲಿಲ್ಲ. ಬೆಂಗಳೂರಿಗೆ ಹೋಗುವ ಕೆಲಸ ಹೇಗೂ ಇತ್ತು. ರಾತ್ರಿ ಬಸ್ಸಿನಲ್ಲಿ ಬಾಟಲಿಯನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡು, ಮುಚ್ಚಳದ ಮೇಲೆ ಒಂದು ಬೆರಳಿಟ್ಟುಕೊಂಡೇ ಮೆಜೆಸ್ಟಿಕ್ಕಿನಲ್ಲಿ ಇಳಿದೆ.